ಕಾವಲಿಲ್ಲದ ರಾಜಧಾನಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಬರುವವರು ಹೊಯ್ಸಳೇಶ್ವರ ದೇಗುಲದ ಶಿಲ್ಪಗಳನ್ನು ಕಣ್ತುಂಬ ನೋಡಿ ಬೇಲೂರಿಗೆ ಸಾಗುವುದು ವಾಡಿಕೆ. ಊರಿನ ಹೆಸರಿನತ್ತ ಗಮನ ಹರಿಸುವವರು ವಿರಳ. ದೋರಸಮುದ್ರವೆಂಬ ವೈಭವದ ರಾಜಧಾನಿಯು 'ಹಳೆಯ ಬೀಡು' ಆದುದು ಹೇಗೆ? ಆ ದುರಂತದ ಮೊದಲ ಅಧ್ಯಾಯ 1311ರದು.

ಆಗ ಪಾಂಡ್ಯ ನಾಡು ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಮಾರವರ್ಮ ಕುಲಶೇಖರನ ಮಕ್ಕಳಾದ ಸುಂದರ ಪಾಂಡ್ಯ ಮತ್ತು ವೀರ ಪಾಂಡ್ಯ ಸಿಂಹಾಸನಕ್ಕಾಗಿ ಪರಸ್ಪರ ಕತ್ತಿ ಹಿರಿದಿದ್ದರು. ಒಡೆದ ಮನೆಯಲ್ಲಿ ತನಗೂ ಒಂದು ಪಾಲು ಸಿಕ್ಕೀತೆಂದು ಬಗೆದ ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳನು ಸೈನ್ಯಸಮೇತ ದಕ್ಷಿಣಕ್ಕೆ ತೆರಳಿದನು.

ದಾಯಾದಿ ಕಲಹದ ಕಹಿ ಅವನಿಗೆ ತಿಳಿಯದುದೇನಲ್ಲ. ಅವನ ತಾತ ಸೋಮೇಶ್ವರನು 1254ರಲ್ಲಿ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ್ದನು. ತಂದೆ ಮೂರನೆಯ ನರಸಿಂಹನೂ ಚಿಕ್ಕಪ್ಪ ರಾಮನಾಥನೂ ದಶಕಗಳ ಕಾಲ ಕಾದಾಡಿದ್ದರು. ಆ ಬಿರುಕನ್ನು ಮುಚ್ಚಿ ನಾಡನ್ನು ಒಂದುಗೂಡಿಸಿದವನು ಇದೇ ಬಲ್ಲಾಳ. ಅಂಥವನಿಗೂ ನೆರೆಮನೆಯ ಜಗಳ ಸದವಕಾಶವಾಗಿ ಕಂಡಿತು!

ಅತ್ತ ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ದೇವಗಿರಿಯನ್ನು ದಾಟಿ ಬಂದಿದ್ದನು. ದೊರೆ ರಾಜಧಾನಿಯಲ್ಲಿಲ್ಲವೆಂಬ ಸುಳಿವು ದೊರೆತೊಡನೆ ಆಯ್ದ 10,000 ಕುದುರೆ ಸವಾರರೊಂದಿಗೆ ವೇಗವಾಗಿ ಧಾವಿಸಿ, ಫೆಬ್ರವರಿಯ ಕೊನೆಯಲ್ಲಿ ದೋರಸಮುದ್ರದ ಕೋಟೆಯನ್ನು ಸುತ್ತುವರಿದನು. ಬಲ್ಲಾಳನು ತರಾತುರಿಯಿಂದ ಹಿಂದಿರುಗಿದರೂ ಸಂಧಿಯ ಹೊರತು ಬೇರೆ ದಾರಿ ಉಳಿದಿರಲಿಲ್ಲ. ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಿದನು. ದೆಹಲಿಗೆ ಹೋದ ಅವನ ಮಗ ಮರಳಿದ್ದು 1313ರಲ್ಲಿ. ಮಾರ್ಚ್ ತಿಂಗಳಲ್ಲಿ ಅದೇ ಸೇನೆ ಪಾಂಡ್ಯ ನಾಡಿಗೆ ನುಗ್ಗಿತು. ಜಗಳವಾಡುತ್ತಿದ್ದ ಸೋದರರೂ ಸೂರೆಹೋದರು. ಜಗಳದಿಂದ ಲಾಭ ಪಡೆಯಹೋದವನೂ ಸೂರೆಹೋದನು.

ಮುಂದೆ ಮಹಮದ್ ಬಿನ್ ತುಘಲಕನ ಸೇನೆ ದೋರಸಮುದ್ರವನ್ನು ಹಾಳುಗೆಡವಿತು. ಬಲ್ಲಾಳನು ತಿರುವಣ್ಣಾಮಲೈಯಲ್ಲಿ ನೆಲೆನಿಂತು, ಇಳಿವಯಸ್ಸಿನಲ್ಲಿಯೂ ಮದುರೆಯ ಸುಲ್ತಾನರ ವಿರುದ್ಧ ಹೋರಾಡಿ 1342ರಲ್ಲಿ ಪ್ರಾಣತೆತ್ತನು. ಅವನು ಹೇಡಿಯಾಗಿರಲಿಲ್ಲ. ಸೂರೆ ಮಾಡಿದವನ ತಪ್ಪು ಇದರಿಂದ ಕಿರಿದಾಗುವುದೂ ಇಲ್ಲ. ಆದರೆ ಧೀರನೂ ಅನುಭವಿಯೂ ಆದವನನ್ನು ಸಹ ಪರರ ಕಲಹದ ಆಸೆ ತನ್ನ ಹೊಸ್ತಿಲಿನಿಂದ ದೂರ ಸೆಳೆದೊಯ್ಯಬಲ್ಲದು ಎಂಬುದೇ ಇಲ್ಲಿನ ಪಾಠ.

ಗುರುವಾಗಿ ಮನೆಮನೆಗೆ ಹೋಗುವ ನನಗೆ ಈ ಇತಿಹಾಸ ಏಳು ಶತಮಾನಗಳಷ್ಟು ಹಳೆಯದೆನಿಸುವುದಿಲ್ಲ. ಅಣ್ಣತಮ್ಮಂದಿರು ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದಾಗ, ಒಬ್ಬನ ಕಿವಿಯಲ್ಲಿ ಪಿಸುಗುಟ್ಟುವ, ವ್ಯಾಜ್ಯದ ತೋಟವನ್ನು ಅಗ್ಗಕ್ಕೆ ಕೊಳ್ಳಲು ಕಾಯುವ ಮೂರನೆಯವನೊಬ್ಬ ಬಹುತೇಕ ಇದ್ದೇ ಇರುತ್ತಾನೆ. ಜಗಳವಾಡುವವರಿಗೆ ಬುದ್ಧಿ ಹೇಳುವವರು ಹಲವರು. ಈ ಮೂರನೆಯವನಿಗೆ ಹೇಳುವವರು ಯಾರು? ಪರರ ಬೇಲಿ ಮುರಿಯುವುದನ್ನೇ ನೋಡುತ್ತ ನಿಂತಿರುವಾಗ ಅವನ ಮನೆಯ ಮಕ್ಕಳು, ಮುದಿ ತಾಯಿತಂದೆಯರು, ಅವನ ಸ್ವಂತ ಅಂತಃಕರಣ ಕಾವಲಿಲ್ಲದೆ ಉಳಿದಿರುತ್ತವೆ.

ನೆರೆಯವರ ಮನೆ ಒಡೆಯುತ್ತಿರುವುದು ಕಂಡಾಗ ನಾವು ಹೊಸ್ತಿಲು ದಾಟುವುದು ಸಂಧಾನಕ್ಕಾಗಿಯೋ, ಪಾಲಿಗಾಗಿಯೋ? ಮುಂದಿನ ಬಾರಿ ಹಳೇಬೀಡಿಗೆ ಹೋದಾಗ ಶಿಲ್ಪಗಳೊಡನೆ ಅಳಿದುಳಿದ ಕೋಟೆಗೋಡೆಯನ್ನೂ ನೋಡಿ ಬನ್ನಿ. ಆ ಕಲ್ಲುಗಳೂ ಇದನ್ನೇ ಕೇಳುತ್ತಿವೆ.