ಮುದಿ ಜೀಪಿನ ಮರುಹುಟ್ಟು

ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ಮಲೆನಾಡಿನಲ್ಲಿ ಬಯಲುಸೀಮೆಯಂತೆ ಮನೆಗಳು ಒಂದೆಡೆ ಒತ್ತೊತ್ತಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಡಾಂಬರು ರಸ್ತೆಯಿಂದ ಅಂಗಳದವರೆಗೆ ಹೋಗುವ ದಾರಿಯು ಬಹುಮಟ್ಟಿಗೆ ಕೆಮ್ಮಣ್ಣಿನದು. ಬೇಸಗೆಯಲ್ಲಿ ಧೂಳೆಬ್ಬಿಸುವ ಈ ದಾರಿ ಜೂನ್ ತಿಂಗಳು ಕಾಲಿಟ್ಟೊಡನೆ ಕೆಸರಿನ ಕಾಲುವೆಯಾಗುತ್ತದೆ. ಆಗುಂಬೆಯಂಥ ಕಡೆಗಳಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿಯುವುದುಂಟು. ಅಂಥ ಮಳೆಯಲ್ಲಿ ಅಕ್ಕಿಯ ಮೂಟೆ ಮನೆಗೆ ಬರಬೇಕು, ಕಾಯಿಲೆ ಬಿದ್ದವರು ಪೇಟೆಯ ಆಸ್ಪತ್ರೆಗೆ ಹೋಗಬೇಕು. ಇದಕ್ಕೆಲ್ಲ ಮಲೆನಾಡಿಗರು ಹಲವು ದಶಕಗಳಿಂದ ನಂಬಿಕೊಂಡು ಬಂದಿರುವ ವಾಹನವೆಂದರೆ ಜೀಪು.

ಜೀಪು ಹುಟ್ಟಿದ್ದು ಕೃಷಿಗಾಗಿ ಅಲ್ಲ, ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆಯು ಹಗುರವಾದ, ದಾರಿಯಿಲ್ಲದ ಕಡೆಯೂ ನುಗ್ಗಬಲ್ಲ ವಾಹನವನ್ನು ಬಯಸಿತು. ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆಯು ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧವು ಮುಗಿದ ಮೇಲೆ ಈ ವಾಹನ ಹೊಲಗದ್ದೆಗಳಿಗೆ ಇಳಿಯಿತು. ನಮ್ಮ ದೇಶದಲ್ಲಿ 1940ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಸಂಸ್ಥೆಯ ವಿನ್ಯಾಸದ ಡೀಸೆಲ್ ಎಂಜಿನ್ ಇವುಗಳ ಒಡಲು ಸೇರಿತು. ಹೀಗೆ ರಣರಂಗದ ಕುದುರೆಯು ರೈತನ ಎತ್ತಾಯಿತು.

ಸಾಮಾನ್ಯ ವಾಹನದಲ್ಲಿ ಎಂಜಿನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಚಕ್ರಗಳು ಕೆಸರಿನಲ್ಲಿ ಜಾರಿದರೆ ವಾಹನವು ನಿಂತಲ್ಲೇ ನಿಲ್ಲುತ್ತದೆ. ಜೀಪಿನಲ್ಲಿ ಗೇರ್ ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆಯಿದೆ. ಅದಕ್ಕೆ ಟ್ರಾನ್ಸ್‌ಫರ್ ಪೆಟ್ಟಿಗೆಯೆಂದು ಹೆಸರು. ಸನ್ನೆಯನ್ನು ಎಳೆದಾಗ ಅದು ಬಲವನ್ನು ಹಿಂದಿನ ಆಕ್ಸಲಿಗೂ ಮುಂದಿನ ಆಕ್ಸಲಿಗೂ ಹಂಚುತ್ತದೆ. ಇನ್ನೊಂದು ಸನ್ನೆಯನ್ನು ಎಳೆದರೆ ವೇಗ ತಗ್ಗಿ ಎಳೆತದ ಬಲ ಹೆಚ್ಚುತ್ತದೆ. ಆಗ ನಾಲ್ಕು ಚಕ್ರಗಳೂ ನಾಲ್ಕು ಕಾಲುಗಳಂತೆ ನೆಲವನ್ನು ಕಚ್ಚಿಕೊಂಡು ಏರನ್ನು ಹತ್ತುತ್ತವೆ.

ಇಂಥ ಒಂದು ಜೀಪು ಕಾಫಿ ಮತ್ತು ಮೆಣಸು ಬೆಳೆಯುವ ಮಲೆನಾಡಿನ ಒಂದು ತೋಟದ ಕೊಟ್ಟಿಗೆಯಲ್ಲಿ ಎರಡು ವರ್ಷಗಳಿಂದ ನಿಂತಿತ್ತು. 1980ರ ದಶಕದ ಆ ಡೀಸೆಲ್ ವಾಹನಕ್ಕೆ ಹಿಂದೆ ಸರಕು ಹೇರುವ ತೆರೆದ ಬಾಡಿಯಿತ್ತು. ಗೊಬ್ಬರ ಹೊತ್ತು, ಕಾಫಿಯ ಚೀಲ ಹೊತ್ತು, ಮದುವೆಯ ದಿಬ್ಬಣವನ್ನೂ ಹೊತ್ತು ಅದು ದಣಿದಿತ್ತು. ಎಂಜಿನ್ ಬಿಸಿಯೇರಿ ಬಿಗಿದುಕೊಂಡಿತ್ತು. ಮುಂದಿನ ಆಕ್ಸಲಿನ ಒಳಗೆ ಕ್ರೌನ್ ಚಕ್ರದ ಹಲ್ಲುಗಳು ಮುರಿದಿದ್ದವು. ಅದರ ತೊಟ್ಟಿಲಿನಂಥ ಆಸನದ ಕೆಳಗೆ ಕೋಳಿಯೊಂದು ಮೊಟ್ಟೆಯಿಡಲು ಜಾಗ ಮಾಡಿಕೊಂಡಿತ್ತು.

ತೋಟದ ಯಜಮಾನರಾದ ಗೌಡರಿಗೆ ಆ ವಾಹನವನ್ನು ಗುಜರಿಗೆ ಹಾಕಲು ಮನಸ್ಸಿರಲಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ಎರಡು ವರ್ಷಗಳಿಂದ ಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ತಗಲಿತ್ತು. ಅವರ ಮಗ ಆಗತಾನೆ ಕಾಲೇಜಿನ ಓದು ಮುಗಿಸಿ ಬಂದಿದ್ದನು. “ಅಪ್ಪಯ್ಯ, ಸತ್ತ ಎತ್ತಿಗೆ ಹುಲ್ಲು ಹಾಕಿದರೆ ಏನು ಫಲ?” ಎಂದು ಅವನು ಕೇಳಿದನು. ಗೌಡರು ಉತ್ತರಿಸಲಿಲ್ಲ. ಮರುದಿನ ಪೇಟೆಯಿಂದ ಮುದುಕ ಮೇಸ್ತ್ರಿಯವರನ್ನು ಕರೆತಂದರು. ನಲವತ್ತು ವರ್ಷಗಳಿಂದ ಜೀಪಿನ ಕೆಳಗೆ ಮಲಗಿ ಬದುಕಿದ ಆ ಮನುಷ್ಯ ವಾಹನವನ್ನು ಒಂದು ಸುತ್ತು ಬಂದರು. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕಿವಿಗೊಟ್ಟು ಕೇಳಿದರು. ತುಕ್ಕು ತಿಂದ ಕಬ್ಬಿಣ ಮಂಕಾಗಿ ಸದ್ದು ಮಾಡುತ್ತದೆ. ಗಟ್ಟಿ ಕಬ್ಬಿಣ ಗಂಟೆಯಂತೆ ದನಿಗೊಡುತ್ತದೆ. “ಗೌಡರೆ, ಬೆನ್ನೆಲುಬು ಗಟ್ಟಿಯಾಗಿದೆ. ಉಳಿದದ್ದನ್ನು ಹುಡುಕಬಹುದು” ಎಂದರು. ಮುಂಗಾರಿಗೆ ಮೂರೇ ತಿಂಗಳು ಉಳಿದಿತ್ತು.

ಹುಡುಕಾಟವು ಗುಜರಿ ಅಂಗಡಿಗಳಿಂದ ಮೊದಲಾಯಿತು. ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ ಮೊದಲಾದ ಕಡೆಗಳಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ, ಭಾಗಗಳನ್ನು ಬೇರೆ ಬೇರೆಯಾಗಿ ಮಾರುವ ದೊಡ್ಡ ಕಸುಬೇ ಬೆಳೆದಿದೆ. ಹೊರಗಿನವನ ಕಣ್ಣಿಗೆ ಅದು ಕಬ್ಬಿಣದ ರಾಶಿ. ಬಲ್ಲವನಿಗೆ ಅದೇ ಗ್ರಂಥಭಂಡಾರ. ಗೌಡರ ಮಗನು ಮೇಸ್ತ್ರಿಯವರ ಹಿಂದೆ ಚೀಲ ಹಿಡಿದು ನಡೆದನು. ಮೊದಮೊದಲು ಅವನಿಗೆ ಬೇಸರವಾಗಿತ್ತು. ಆದರೆ ಮುದುಕರ ಪರೀಕ್ಷೆಯ ಬಗೆಯನ್ನು ಕಂಡಾಗ ಅವನ ಬೇಸರವು ಕುತೂಹಲಕ್ಕೆ ತಿರುಗಿತು.

ಒಂದು ಅಂಗಡಿಯಲ್ಲಿ ಗೇರ್ ಪೆಟ್ಟಿಗೆಯ ಕವಚವೊಂದು ಸಿಕ್ಕಿತು. ನೋಡಲು ಚೆನ್ನಾಗಿಯೇ ಇತ್ತು. ಮೇಸ್ತ್ರಿಯವರು ಅದಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಬಳಿಕ ಒಣಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಬಳಿದರು. ತುಸು ಹೊತ್ತಿನಲ್ಲಿ ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೂಡಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆಯನ್ನು ಸುಣ್ಣವು ಹೀರಿ ತೋರಿಸಿತ್ತು. ದೊಡ್ಡ ಯಂತ್ರವಿಲ್ಲದೆ, ಕಾಸಿನ ಖರ್ಚಿಲ್ಲದೆ, ಕಣ್ಣಿಗೆ ಕಾಣದ ಬಿರುಕು ಬಯಲಾಯಿತು. ಆ ಕವಚವನ್ನು ಅವರು ಅಲ್ಲಿಯೇ ಬಿಟ್ಟರು.

ಮುಂದಿನ ಆಕ್ಸಲಿನ ವಿಷಯದಲ್ಲಿ ಗೌಡರ ಮಗನು ಅವಸರಪಟ್ಟನು. ಮೇಸ್ತ್ರಿಯವರಿಲ್ಲದ ದಿನ ಅಗ್ಗವಾಗಿ ಸಿಕ್ಕಿದ ಒಂದು ಆಕ್ಸಲನ್ನು ಕೊಂಡು ತಂದನು. ಅದರ ಉದ್ದ ಸರಿಯಾಗಿತ್ತು, ಬೋಲ್ಟಿನ ರಂಧ್ರಗಳು ಸರಿಯಾಗಿದ್ದವು. ಮೇಸ್ತ್ರಿಯವರು ಮುಚ್ಚಳವನ್ನು ಬಿಚ್ಚಿ, “ತಮ್ಮಾ, ಹಲ್ಲು ಎಣಿಸು” ಎಂದರು. ಕ್ರೌನ್ ಚಕ್ರದಲ್ಲಿ 39 ಹಲ್ಲು, ಪಿನಿಯನ್ನಿನಲ್ಲಿ 8. ಅದು ಯುದ್ಧಕಾಲದ ಜೀಪಿನ ಲೆಕ್ಕ. ಗೌಡರ ವಾಹನದ ಹಿಂದಿನ ಆಕ್ಸಲಿನಲ್ಲಿದ್ದುದು 43ಕ್ಕೆ 8. “ಈಗ ಭಾಗಾಕಾರ ಮಾಡು” ಎಂದರು ಮೇಸ್ತ್ರಿಯವರು. ಅವನು ನೆಲದ ಮೇಲೆ ಕಡ್ಡಿಯಿಂದ ಬರೆದು ನೋಡಿದನು. ಮುಂದಿನದಕ್ಕೆ 4.875, ಹಿಂದಿನದಕ್ಕೆ 5.375. ಎಂದರೆ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಅರ್ಧ ಸುತ್ತಿನ ವ್ಯತ್ಯಾಸ! ಎರಡನ್ನೂ ಒಂದೇ ಪೆಟ್ಟಿಗೆಗೆ ಕಟ್ಟಿ ಓಡಿಸಿದರೆ ಹೆಜ್ಜೆ ಕೂಡದ ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದಂತಾಗುತ್ತದೆ. ಒಂದು ಇನ್ನೊಂದನ್ನು ಜಗ್ಗುತ್ತದೆ. ಕೊನೆಗೆ ಯಾವುದಾದರೊಂದು ಮುರಿಯುತ್ತದೆ. ಶಾಲೆಯಲ್ಲಿ ಕಲಿತ ಭಾಗಾಕಾರಕ್ಕೆ ಇಂಥದೊಂದು ಉಪಯೋಗವಿದೆಯೆಂದು ಆ ತರುಣನು ಎಣಿಸಿರಲಿಲ್ಲ. ಅವನು ತಲೆ ತಗ್ಗಿಸಿ ಆಕ್ಸಲನ್ನು ಹಿಂದಿರುಗಿಸಿ ಬಂದನು. ಅಂದಿನಿಂದ ಅವನ ಕಿಸೆಯಲ್ಲಿ ಒಂದು ಪುಟ್ಟ ಪುಸ್ತಕವೂ ಪೆನ್ಸಿಲೂ ಸೇರಿಕೊಂಡವು.

ಎಂಜಿನ್ ದೊರಕಿದ್ದು ಇನ್ನೂ ಕಷ್ಟದಿಂದ. ಒಬ್ಬ ವ್ಯಾಪಾರಿಯು ಅರ್ಧ ಬೆಲೆಗೆ ಒಂದು ಎಂಜಿನನ್ನು ತೋರಿಸಿದನು. ಅದು ಒಳ್ಳೆಯ ಸ್ಥಿತಿಯಲ್ಲಿಯೇ ಇತ್ತು. ಆದರೆ ಅದರ ಪಕ್ಕದಲ್ಲಿ ಸಂಖ್ಯೆಯನ್ನು ಕೊರೆದಿರಬೇಕಾದ ಜಾಗವನ್ನು ಅರದಿಂದ ಉಜ್ಜಿ ನುಣುಪು ಮಾಡಲಾಗಿತ್ತು. ಗೌಡರು ಹಣದ ಚೀಲವನ್ನು ನೋಡಿಕೊಂಡರು. ಮೇಸ್ತ್ರಿಯವರು ಮಾತ್ರ ತಲೆಯಾಡಿಸಿದರು. “ಹೆಸರಿಲ್ಲದ ಎಂಜಿನ್ ಯಾರದೋ ಮನೆಯಿಂದ ಕಳುವಾದದ್ದಿರಬಹುದು. ಒಬ್ಬರ ಕಣ್ಣೀರಿನಿಂದ ನಮ್ಮ ಗಾಡಿ ಓಡುವುದು ಬೇಡ” ಎಂದರು. ಹದಿನೈದು ದಿನಗಳ ಅನಂತರ, ಅಪಘಾತದಲ್ಲಿ ಜಜ್ಜಿಹೋದ ಅದೇ ಬಗೆಯ ಜೀಪಿನ ಎಂಜಿನ್ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿತು. ಅದಕ್ಕೆ ಸಂಖ್ಯೆಯಿತ್ತು, ಕಾಗದವಿತ್ತು, ರಸೀತಿಯೂ ದೊರೆಯಿತು. ನಾಲ್ಕು ಸಿಲಿಂಡರುಗಳ ಒತ್ತಡವನ್ನು ಮಾಪಕದಿಂದ ಅಳೆದಾಗ ನಾಲ್ಕೂ ಹೆಚ್ಚುಕಡಿಮೆ ಸಮನಾಗಿದ್ದವು.

ಹೀಗೆ ಭಾಗಗಳು ಒಂದೊಂದಾಗಿ ಕೂಡಿಬಂದವು. ಸವೆದ ಕಮಾನು ಪಟ್ಟಿಗಳ ಜಾಗಕ್ಕೆ ಗಟ್ಟಿಯಾದವು ಬಂದವು. ಸರಿಯಾದ ಹಲ್ಲಿನ ಲೆಕ್ಕದ ಆಕ್ಸಲೂ ದೊರೆಯಿತು. ಮೇ ತಿಂಗಳ ಕೊನೆಯಲ್ಲಿ ಎಂಜಿನ್ ಮೊದಲ ಬಾರಿಗೆ ಗುಡುಗಿದಾಗ ಕೊಟ್ಟಿಗೆಯ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಕೆಲಸದಾಳುಗಳೆಲ್ಲ ಬಂದು ಸುತ್ತ ನಿಂತರು. ಗೌಡರ ಕೈಯಲ್ಲಿ ಉಳಿದಿದ್ದ ಹಣ ಸ್ವಲ್ಪ. ಅದರಲ್ಲಿ ವಾಹನಕ್ಕೆ ಹಸಿರು ಬಣ್ಣ ಬಳಿಸಿ, ಮಳೆ ಬರುವ ಮೊದಲೇ ದಾರಿಗಿಳಿಸಬೇಕೆಂಬುದು ಅವರ ಆಸೆ.

ಮೇಸ್ತ್ರಿಯವರು ಕೀಲಿಯನ್ನು ಕೊಡಲಿಲ್ಲ. “ಓಡುವುದನ್ನು ಕಲಿಸಿದ್ದೇವೆ. ನಿಲ್ಲುವುದನ್ನು ಇನ್ನೂ ಕಲಿಸಿಲ್ಲ” ಎಂದರು.

ಆ ಹಳೆಯ ಜೀಪಿನ ಬ್ರೇಕಿಗೆ ಒಂದೇ ಕೊಳವೆಯ ಜಾಲವಿತ್ತು. ಎಲ್ಲಿಯಾದರೂ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಲೇ ಹೋಗುತ್ತದೆ. ಅದೇ ತಯಾರಕರ ಮುಂದಿನ ಮಾದರಿಗಳಲ್ಲಿ ಎರಡು ಕೋಣೆಯ ಮಾಸ್ಟರ್ ಸಿಲಿಂಡರು ಬಂತು. ಅದರಲ್ಲಿ ಮುಂದಿನ ಚಕ್ರಗಳ ಜಾಲವೇ ಬೇರೆ, ಹಿಂದಿನ ಚಕ್ರಗಳ ಜಾಲವೇ ಬೇರೆ; ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಇದರೊಡನೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರೂ ಬೇಕೆಂದು ಮೇಸ್ತ್ರಿಯವರು ಪಟ್ಟು ಹಿಡಿದರು. ಬೂಸ್ಟರು ಗಾಳಿಯ ಒತ್ತಡದ ವ್ಯತ್ಯಾಸದಿಂದ ಕೆಲಸ ಮಾಡುತ್ತದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಒಳಗೆ ಸೆಳೆಯುವಾಗ ಬೇಕಾದ ನಿರ್ವಾತವು ತಾನಾಗಿಯೇ ದೊರೆಯುತ್ತದೆ. ಡೀಸೆಲ್ ಎಂಜಿನಿನಲ್ಲಿ ಗಾಳಿಯ ದಾರಿಗೆ ಅಂಥ ತಡೆಯಿಲ್ಲ. ಆದುದರಿಂದ ನಿರ್ವಾತಕ್ಕಾಗಿ ಬೇರೆಯೇ ಒಂದು ಪಂಪು ಬೇಕು. ಆ ಪಂಪನ್ನು ಬೆನ್ನಿಗೆ ಕಟ್ಟಿಕೊಂಡಿರುವ ಆಲ್ಟರ್‌ನೇಟರನ್ನು ಮೇಸ್ತ್ರಿಯವರು ಗುಜರಿಯಿಂದಲೇ ಹುಡುಕಿ ತಂದರು.

ಆದರೆ ಬ್ರೇಕಿನ ಲೈನಿಂಗು, ರಬ್ಬರಿನ ಕೊಳವೆ, ರಬ್ಬರಿನ ಸೀಲು ಇವುಗಳಲ್ಲಿ ಒಂದನ್ನೂ ಅವರು ಹಳೆಯದು ಬಳಸಲಿಲ್ಲ. “ಕಬ್ಬಿಣದ ವಯಸ್ಸನ್ನು ಕಣ್ಣಿನಿಂದ ಅಳೆಯಬಹುದು, ರಬ್ಬರಿನ ವಯಸ್ಸನ್ನು ಅಳೆಯಲಾಗದು. ಜೀವ ಹಿಡಿದು ನಿಲ್ಲಿಸುವ ವಸ್ತುವಿನಲ್ಲಿ ಉಳಿತಾಯವಿಲ್ಲ” ಎಂಬುದು ಅವರ ನಿಯಮ. ಬಣ್ಣಕ್ಕೆಂದು ಇಟ್ಟಿದ್ದ ಹಣವೆಲ್ಲ ಬ್ರೇಕಿಗೆ ಹೋಯಿತು. ಗೌಡರು ಒಂದು ದಿನ ಮುನಿಸಿಕೊಂಡರು. ಎರಡನೆಯ ದಿನ ಸಮಾಧಾನಗೊಂಡರು. ಜೀಪು ಹಳೆಯ ಮಾಸಿದ ಬಣ್ಣದಲ್ಲಿಯೇ ಉಳಿಯಿತು.

ಇನ್ನೊಂದು ಕೆಲಸವೂ ಇತ್ತು. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನಂತೆ ವಾಹನದ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಅದೇ ಬಗೆಯ ಎಂಜಿನನ್ನು ಹಾಕಿದರೂ ಅದರ ಸಂಖ್ಯೆಯು ನೋಂದಣಿಯ ದಾಖಲೆಯಲ್ಲಿ ಸೇರಬೇಕು. ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸಿ ಅದನ್ನು ನವೀಕರಿಸಿಕೊಳ್ಳಬೇಕು. ಗೌಡರ ಮಗನು ರಸೀತಿಗಳ ಕಟ್ಟನ್ನು ಹಿಡಿದು ಸಾರಿಗೆ ಕಚೇರಿಗೆ ಹೋದನು. ಅಧಿಕಾರಿಯು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅವನ ಪುಟ್ಟ ಪುಸ್ತಕದಲ್ಲಿ ಉತ್ತರವಿತ್ತು.

ಜುಲೈ ತಿಂಗಳ ಒಂದು ರಾತ್ರಿ ನೆರೆಯ ತೋಟದ ಅಜ್ಜಿಯೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಹೊರಗೆ ಮುಸಲಧಾರೆ. ಬೇರೆ ಯಾವ ವಾಹನವೂ ಆ ಗುಡ್ಡವನ್ನು ಹತ್ತುವಂತಿರಲಿಲ್ಲ. ಗೌಡರ ಮಗನೇ ಜೀಪನ್ನು ಹೊರಡಿಸಿದನು. ನಾಲ್ಕು ಚಕ್ರಗಳ ಬಲದಿಂದ ಅದು ಕೆಸರಿನ ಏರನ್ನು ಹತ್ತಿ, ಅಜ್ಜಿಯನ್ನು ಕೂರಿಸಿಕೊಂಡು ಮರಳಿತು. ಇಳಿಜಾರಿನ ನಡುವೆ ನೀರು ಕೊಚ್ಚಿ ತಂದ ಕಲ್ಲೊಂದು ಕೆಳಗೆ ಬಡಿಯಿತು. ಹಿಂದಿನ ಚಕ್ರದ ಬ್ರೇಕಿನ ಕೊಳವೆ ಕಿತ್ತುಹೋಯಿತು. ಕಾಲಿನ ಕೆಳಗೆ ಪೆಡಲು ಕುಸಿದುದನ್ನು ಅವನು ಗಮನಿಸಿದನು. ಒಂದು ಗಳಿಗೆ ಅವನ ಎದೆ ನಿಂತಂತಾಯಿತು. ಪೆಡಲು ಇನ್ನಷ್ಟು ಕೆಳಗಿಳಿದು ಅಲ್ಲಿ ಗಟ್ಟಿಯಾಗಿ ನಿಂತಿತು. ಮುಂದಿನ ಚಕ್ರಗಳು ನೆಲವನ್ನು ಹಿಡಿದುಕೊಂಡವು. ಅವನು ತಗ್ಗಿನ ಗೇರಿನಲ್ಲಿ, ಎಂಜಿನಿನ ತಡೆಯನ್ನೇ ನೆಚ್ಚಿ ಮೆಲ್ಲಮೆಲ್ಲನೆ ಇಳಿದನು. ಡಾಂಬರು ರಸ್ತೆಯಲ್ಲಿ ಆಂಬ್ಯುಲೆನ್ಸ್ ಕಾದಿತ್ತು. ಅಜ್ಜಿ ಬದುಕಿ ಉಳಿದರು.

ಮರುದಿನ ಅವನು ಮೇಸ್ತ್ರಿಯವರ ಗ್ಯಾರೇಜಿಗೆ ಹೋಗಿ ನಡೆದುದನ್ನೆಲ್ಲ ಹೇಳಿದನು. ಮುದುಕರು ಕಿತ್ತುಹೋದ ಕೊಳವೆಯನ್ನು ತಿರುಗಿಸಿ ನೋಡಿ, “ಇದಕ್ಕೊಂದು ಕವಚ ಹಾಕಬೇಕಾಗಿತ್ತು” ಎಂದಷ್ಟೇ ನುಡಿದು ಕೆಲಸಕ್ಕೆ ಕುಳಿತರು.

ಹಳೆಯದೆಲ್ಲವೂ ಉಳಿಸಿಕೊಳ್ಳಲು ಯೋಗ್ಯವೆಂದು ಹೇಳುವಂತಿಲ್ಲ. ಹೊಸದೆಲ್ಲವೂ ಅನಗತ್ಯವೆಂದೂ ಹೇಳುವಂತಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ತಿಳಿಯುವುದೇ ರಿಪೇರಿಯ ವಿದ್ಯೆ. ಅದಕ್ಕೆ ಕೈಯ ಪಳಗಿಕೆಯಷ್ಟೇ ಲೆಕ್ಕದ ಅರಿವೂ ಬೇಕು, ಪ್ರಾಮಾಣಿಕತೆಯೂ ಬೇಕು. ಬಿಸಾಡುವುದು ಸುಲಭವಾಗಿರುವ ಈ ಕಾಲದಲ್ಲಿ ಮಲೆನಾಡಿನ ಸಣ್ಣ ಪೇಟೆಗಳ ಗ್ಯಾರೇಜುಗಳು ಆ ವಿದ್ಯೆಯನ್ನು ಸದ್ದಿಲ್ಲದೆ ಕಾಪಾಡಿಕೊಂಡು ಬಂದಿವೆ. ಅಲ್ಲಿ ಎಣ್ಣೆಯ ಕಲೆ ಹತ್ತಿದ ಬಟ್ಟೆ ತೊಟ್ಟು, ಸ್ಪ್ಯಾನರ್ ಹಿಡಿದು ಕಲಿಯುವ ಹುಡುಗನೂ ಒಬ್ಬ ವಿದ್ಯಾರ್ಥಿಯೇ.