ಬಿಚ್ಚದ ಡಬ್ಬ

ನಮ್ಮಂಥ ಸಂಬಳದ ಜನ ದುಡ್ಡು ಹಾಕುವ ಜಾಗಗಳು ತಲೆಮಾರುಗಳಿಂದ ಗೊತ್ತಾದವೇ. ಚಿನ್ನ, ಸೈಟು, ಎಲ್‌ಐಸಿ, ಎಫ್‌ಡಿ. ಸ್ವಲ್ಪ ಧೈರ್ಯವಿದ್ದರೆ ಚೀಟಿ, ಇನ್ನೂ ಧೈರ್ಯವಿದ್ದರೆ ಭಾವಮೈದುನನ ಬಿಸಿನೆಸ್ಸು. ಈ ಪಟ್ಟಿಗೆ ಆಟದ ಸಾಮಾನನ್ನು ಸೇರಿಸಿದ ಕೀರ್ತಿ ನಮ್ಮ ವಂಶದಲ್ಲಿ ನನಗೇ ಸಲ್ಲಬೇಕು. ನಮ್ಮ ಮನೆಯ ಅಟ್ಟದ ಮೇಲೆ, ಈಗ ಯಾರೂ ನೀರು ಕಾಯಿಸದ ತಾಮ್ರದ ಹಂಡೆಗೂ ಹೆಂಡತಿಯ ದಸರಾ ಗೊಂಬೆಗಳ ಟ್ರಂಕಿಗೂ ಮಧ್ಯೆ, ಲೆಗೊ ಡಬ್ಬಗಳು ಸಾಲಾಗಿ ಕೂತಿವೆ. ಯಾವುದರ ಸೀಲೂ ಒಡೆದಿಲ್ಲ. ಬಂದವರು ಕಂಡು ಕೇಳಿದರೆ ‘ಮೊಮ್ಮಕ್ಕಳಿಗೆ’ ಅನ್ನುತ್ತೇನೆ. ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ ಎಂದು ಗೊತ್ತಿದ್ದವರು ಮತ್ತೆ ಕೇಳುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅಂತ ಒಬ್ಬ ಬಡಗಿಯಿದ್ದ. ಮನೆ ಕಟ್ಟಿಸುವವರಿಲ್ಲದೆ ಕೈಯಲ್ಲಿ ಕೆಲಸವಿಲ್ಲದಿದ್ದ ಕಾಲದಲ್ಲಿ, 1932ರಲ್ಲಿ, ಮರದ ಆಟಿಕೆ ಮಾಡಿ ಮಾರಲು ಶುರುಮಾಡಿದ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು ಎಷ್ಟೋ ವರ್ಷ ಆಮೇಲೆ. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಇವತ್ತಿನ ಇಟ್ಟಿಗೆಗೆ ಅವನ ಮಗ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆಯನ್ನು ತಂದು ಈ ವರ್ಷದ ಇಟ್ಟಿಗೆಯ ಮೇಲೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ನಮ್ಮ ಮಿಕ್ಸಿ ಜಾರಿನ ಮುಚ್ಚಳ ಒಡೆದಾಗ, ಅದೇ ಮಾಡೆಲ್ಲಿನ ಇನ್ನೊಂದು ಮುಚ್ಚಳ ಇಡೀ ಬೆಂಗಳೂರಿನಲ್ಲಿ ಸಿಗಲಿಲ್ಲ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು ಎಂದು ಗಣಿತದವರು ಲೆಕ್ಕ ಹಾಕಿಟ್ಟಿದ್ದಾರೆ: 91,51,03,765. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಆಯುಷ್ಯ ಸವೆಸಿದವನಿಗೆ ಇಂಥ ಸಂಖ್ಯೆ ಕಂಡರೆ ಭಕ್ತಿ ಹುಟ್ಟುತ್ತದೆ.

ಹೂಡಿಕೆಯ ಗುಟ್ಟು ಇಷ್ಟೆ. ಒಂದು ಸೆಟ್ಟನ್ನು ಕಂಪನಿ ಕೆಲವು ವರ್ಷ ಮಾರಿ ನಿಲ್ಲಿಸಿಬಿಡುತ್ತದೆ. ನಿವೃತ್ತಿಯಾಯಿತು ಅನ್ನುತ್ತಾರೆ. ಅಲ್ಲಿಂದಾಚೆ ಅದರ ಬೆಲೆ ಏರತೊಡಗುತ್ತದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನ ಬೆಲೆ ಯಾವ ದಿಕ್ಕಿಗೆ ಹೋಯಿತೆಂದು ಬಲ್ಲವನಾದ್ದರಿಂದ ಈ ಏರ್ಪಾಡು ನನಗೆ ಬಹಳ ಹಿಡಿಸಿತು. 2007ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾದ ಮಿಲೇನಿಯಂ ಫಾಲ್ಕನ್ ನೌಕೆ ಬಂತು. 5,197 ತುಂಡುಗಳು, ಬೆಲೆ 500 ಡಾಲರ್. ಮಾರಾಟ ನಿಂತ ಮೇಲೆ ಅದರ ಸೀಲೊಡೆಯದ ಡಬ್ಬಕ್ಕೆ ಜನ ಸಾವಿರಾರು ಡಾಲರ್ ಎಣಿಸಿದರು. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ 2,300ಕ್ಕೂ ಹೆಚ್ಚು ಸೆಟ್‌ಗಳ ಬೆಲೆಯನ್ನು ಜಾಲಾಡಿ, ವರ್ಷಕ್ಕೆ ಸರಾಸರಿ ಶೇ. 11ಕ್ಕೆ ಕಡಿಮೆಯಿಲ್ಲದ ಲಾಭವಿದೆ ಎಂದು ಬರೆದರು. ಈ ಸಾಲನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೆಲೆ ಅರ್ಧಕ್ಕೆ ಕುಸಿದ ಸೆಟ್‌ಗಳೂ ಅದೇ ಲೆಕ್ಕದಲ್ಲಿವೆ ಎಂಬುದನ್ನು ಮನಸ್ಸಿನಲ್ಲೇ ಓದಿಕೊಂಡೆ.

“ರೀ, ನನ್ನ ಅವಲಕ್ಕಿ ಸರ ತಗೊಂಡು ಅಂಗಡಿಗೆ ಹೋದ್ರೆ ಹತ್ತು ನಿಮಿಷದಲ್ಲಿ ದುಡ್ಡು ಕೊಡ್ತಾರೆ. ನಿಮ್ಮ ಡಬ್ಬ ಹೊತ್ಕೊಂಡು ಯಾರ ಹತ್ರ ಹೋಗ್ತೀರಾ?” ಎಂದಳು.

ಸಂಶೋಧಕಿಯರು ಈ ಪ್ರಶ್ನೆಯನ್ನು ಎತ್ತಿಕೊಂಡಿರಲಿಲ್ಲ.

ಹೊರಗಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಬೆಲೆಯಿರುವುದು ಒಳಗಿನ ಇಟ್ಟಿಗೆಗೆ ಎಷ್ಟೋ, ಹೊರಗಿನ ರಟ್ಟಿಗೂ ಅಷ್ಟೇ. ಒಂದು ಮೂಲೆ ಜಜ್ಜಿದರೆ ಬೆಲೆ ಬಿತ್ತು. ಹಾಗಾಗಿ ನನ್ನ ಹವ್ಯಾಸದ ಮುಕ್ಕಾಲು ಪಾಲು ರಟ್ಟು ಕಾಯುವ ಕೆಲಸ. ಮಳೆಗಾಲದ ಥಂಡಿ, ಜಿರಲೆ, ಇಲಿ, ಅಟ್ಟಕ್ಕೆ ವರ್ಷಕ್ಕೊಮ್ಮೆ ಬೀಳುವ ತೆಂಗಿನ ಪೊರಕೆ, ಇವೆಲ್ಲದರಿಂದ ಕಾಪಾಡಬೇಕು. ಎರಡು ಡಬ್ಬಗಳ ನಡುವೆ ನುಸಿಗುಳಿಗೆ ಇಟ್ಟು, ಮೇಲೆ ಹಳೇ ಪಂಚೆ ಹೊದಿಸಿ, ತಿಂಗಳಿಗೊಮ್ಮೆ ಏಣಿ ಹತ್ತಿ ಟಾರ್ಚು ಬಿಟ್ಟು ನೋಡಿ ಇಳಿಯುತ್ತೇನೆ. ಅಲ್ಲಾಡಿಸಿದರೆ ಒಳಗೆ ಝಲ್ ಎನ್ನುತ್ತದೆ. ಅಷ್ಟೇ ನನಗೆ ಸಿಗುವ ಆಟ.

ಸೀಲು ಒಡೆಯದೆ ಇಡುವ ಈ ವಿದ್ಯೆ ಅಮೆರಿಕದವರದು ಎಂದು ಈ ಕಾಲದ ಹುಡುಗರು ತಿಳಿದಿದ್ದಾರೆ. ಖಂಡಿತ ಅಲ್ಲ. ನಮ್ಮ ಅಮ್ಮ, ದೊಡ್ಡಮ್ಮ, ಅತ್ತೆಯರು ಎಪ್ಪತ್ತು-ಎಂಬತ್ತರ ದಶಕದಲ್ಲೇ ಇದರಲ್ಲಿ ಪಳಗಿದ್ದರು. ಅವರ ಕಾಲದಲ್ಲಿ ಅದಕ್ಕೆ ಶೋಕೇಸು ಅನ್ನುತ್ತಿದ್ದರು. ಹಾಸನದ ದೊಡ್ಡಮ್ಮನ ಮನೆಯ ಹಾಲಿನಲ್ಲಿ ಗೋಡೆಯೊಳಗೇ ಕಟ್ಟಿಸಿದ, ಗಾಜಿನ ಬಾಗಿಲಿನ ಶೋಕೇಸು ಇತ್ತು. ಮೇಲಿನ ಅರೆಯಲ್ಲಿ ಎಲ್‌ಟಿಸಿಯಲ್ಲಿ ಆಗ್ರಾಕ್ಕೆ ಹೋದಾಗ ತಂದ, ಒಳಗೆ ಸಣ್ಣ ಬಲ್ಬಿರುವ ಬಿಳೀ ಕಲ್ಲಿನ ತಾಜ್ ಮಹಲು. ಕೆಳಗಿನ ಅರೆಯಲ್ಲಿ ಉಲ್ಲನ್ ನಾಯಿಮರಿ, ತಲೆ ಅಲ್ಲಾಡಿಸುವ ತಂಜಾವೂರಿನ ಗೊಂಬೆ, ಚನ್ನಪಟ್ಟಣದ ರಾಜ-ರಾಣಿ, ಯಾರು ಯಾವುದರಲ್ಲಿ ಗೆದ್ದದ್ದೆಂದು ಅಕ್ಷರ ಅಳಿಸಿಹೋದ ಒಂದು ಕಪ್ಪು. ನಡುವಿನ ಅರೆಯಲ್ಲಿ ಮಿಷಿಗನ್ನಿನಿಂದ ಬಂದಿದ್ದ ದೊಡ್ಡಪ್ಪನ ತಮ್ಮ ಜೋಡಿಸಿ ಕೊಟ್ಟುಹೋದ ಕೆಂಪು ಲೆಗೊ ಫೈರ್ ಎಂಜಿನ್ನು. ಅದಕ್ಕೊಂದು ತಿರುಗುವ ಏಣಿ. ಮುಂದಿನ ಸೀಟಿನಲ್ಲಿ ಹಳದಿ ಮುಖದ, ಹೆಲ್ಮೆಟ್ಟಿನ ಪುಟ್ಟ ಮನುಷ್ಯ.

ಬೇಸಿಗೆ ರಜೆಗೆ ಹೋದಾಗಲೆಲ್ಲ ನಾವು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆವು. ಅಡುಗೆಮನೆಯಲ್ಲಿದ್ದ ದೊಡ್ಡಮ್ಮನಿಗೆ ಅದು ಹೇಗೋ ಗೊತ್ತಾಗಿಬಿಡುತ್ತಿತ್ತು. “ಏ, ಗಾಜು ಮುಟ್ಟಬೇಡ್ರೋ, ಕೈ ಗುರುತು ಬೀಳತ್ತೆ!” ಆ ಗಾಡಿಯ ಚಕ್ರ ನೆಲದ ಮೇಲೆ ಉರುಳಿದ್ದನ್ನು ನಾನು ಕಾಣೆ. ಗಾಡಿಯ ಖಾಸಾ ಒಡೆಯ ದೊಡ್ಡಮ್ಮನ ಮಗ. ಅವನೂ ನಮ್ಮ ಪಕ್ಕದಲ್ಲೇ ನಿಂತು ಮೂಗು ಒತ್ತುತ್ತಿದ್ದ. ಆಡಲು ನಮಗೆ ಕೊಟ್ಟಿದ್ದದ್ದು ಮೆಕ್ಯಾನಿಕ್ಸ್ ಸೆಟ್ಟು. ತೂತು ತೂತಿನ ಲೋಹದ ಪಟ್ಟಿ, ಕಡಲೆಬೇಳೆ ಗಾತ್ರದ ನಟ್ಟು, ಬೋಲ್ಟು, ಒಂದು ಚೋಟಾ ಸ್ಪ್ಯಾನರು. ಎರಡನೇ ದಿನಕ್ಕೆ ನಟ್ಟು ಅರ್ಧ ಕಳೆದುಹೋಗಿ, ಕಟ್ಟಿದ ಕ್ರೇನು ಒಂದು ಕಡೆಗೆ ವಾಲುತ್ತಿತ್ತು. ಬಚ್ಚಲ ಒಲೆಯ ಸೌದೆಯನ್ನೆಲ್ಲ ಅದರಿಂದ ಎತ್ತಿದ್ದೇವೆ. ದಾರ ಹರಿಯುವವರೆಗೆ ಎತ್ತಿದ್ದೇವೆ. ಆದರೂ ಐವತ್ತು ದಾಟಿದ ಮೇಲೆ ಕೈಗೆ ನಾಲ್ಕು ಕಾಸು ಬಂದಾಗ ನಾನು ಹುಡುಕಿಕೊಂಡು ಹೋದದ್ದು ಕ್ರೇನನ್ನಲ್ಲ, ಮುಟ್ಟಲು ಬಿಡದಿದ್ದ ಆ ಕೆಂಪು ಗಾಡಿಯನ್ನು.

ತಾಜ್ ಮಹಲಿನ ವಿಷಯಕ್ಕೆ ಬರುತ್ತೇನೆ. 2008ರಲ್ಲಿ ಲೆಗೊದವರು 5,922 ತುಂಡುಗಳ ತಾಜ್ ಮಹಲ್ ತಂದರು, 300 ಡಾಲರಿಗೆ. ಮಾರಾಟ ನಿಂತಿತು; ಡಬ್ಬದ ಬೆಲೆ ಸಾವಿರ ದಾಟಿ ಏರಿತು. ಇಟ್ಟುಕೊಂಡವರು ಮೀಸೆ ತಿರುವಿದರು. 2017ರಲ್ಲಿ ಕಂಪನಿ ಯಾರನ್ನೂ ಕೇಳದೆ ಅದೇ ತಾಜ್ ಮಹಲನ್ನು ಮತ್ತೆ ಅಂಗಡಿಗೆ ಇಳಿಸಿತು, 370 ಡಾಲರಿಗೆ. ಈ ಸಲ ತುಂಡುಗಳು 5,923. ಹಳೆಯ ಡಬ್ಬ ಕೇಳುವವರು ಕಡಿಮೆಯಾದರು. ಹೆಚ್ಚಾದ ಆ ಒಂದು ತುಂಡು ಎಷ್ಟು ಮಂದಿಯ ಎದೆಗೆ ಚುಚ್ಚಿತೋ! ಸೈಟು ಕೊಂಡವರಿಗಾದರೆ ಪಕ್ಕದಲ್ಲೇ ಅಂಥದೇ ಇನ್ನೊಂದು ಸೈಟು ಭೂಮಿಯಿಂದ ಎದ್ದು ಬರುವ ಭಯವಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರಿರುವ ಭಯ ಬೇರೆ.

2021ರಲ್ಲಿ ಬಂದ ಇನ್ನೂ ಚಿಕ್ಕ ತಾಜ್, 2,022 ತುಂಡುಗಳದ್ದು, ನನ್ನ ಕೈಗೆಟುಕುವಂತಿತ್ತು. ಎಟುಕಿದರೂ ತರಿಸುವುದು ಸುಲಭವಲ್ಲ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಚನ್ನಪಟ್ಟಣದವರಿಗೆ ಇದರಿಂದ ಒಳ್ಳೆಯದಾದರೆ ನನ್ನ ತಕರಾರಿಲ್ಲ. ನಾನು ಮಾತ್ರ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನ ಮೇಲೆ ಕಣ್ಣಿಡುವಂತಾಯಿತು. ಅಣ್ಣನ ಮಗ ಬರುವವನಿದ್ದ. ಡಬ್ಬದ ಮೂಲೆ ಜಜ್ಜದಂತೆ ಬಟ್ಟೆಗಳ ನಡುವೆ ಹೇಗಿಡಬೇಕೆಂದು ಚಿತ್ರ ಬರೆದು ವಾಟ್ಸಾಪ್ ಮಾಡಿದ್ದೆ. ಬಂದವನು ಸೋಫಾದ ಮೇಲೆ ಕೂತು, ಸೂಟ್‌ಕೇಸಿನ ಸಂದಿಯಿಂದ ಒಂದೊಂದೇ ಪ್ಲಾಸ್ಟಿಕ್ ಕವರು ಎಳೆದು ನನ್ನ ಮಡಿಲಿಗೆ ಹಾಕಿದ.

“ಡಬ್ಬ ಎಲ್ಲೋ?”

“ಅದ್ರಲ್ಲಿ ಅರ್ಧ ಬರೀ ಗಾಳಿ ಚಿಕ್ಕಪ್ಪ. ಅಲ್ಲೇ ಕಸಕ್ಕೆ ಹಾಕ್ಬಿಟ್ಟೆ. ಉಳಿದ ಜಾಗದಲ್ಲಿ ಚಿಕ್ಕಮ್ಮಂಗೆ ಬಾದಾಮಿ ತಂದಿದೀನಿ.”

ಚಿಕ್ಕಮ್ಮ ಬಾದಾಮಿಯನ್ನು ಒಳಗಿಟ್ಟು ಬಂದು, ನನ್ನ ಮುಖ ನೋಡಿ, ಸಮಾಧಾನದ ಮಾತು ಹೇಳುವ ಬದಲು ಒಂದು ಆಜ್ಞೆ ಮಾಡಿದಳು. “ಹೇಗೂ ಡಬ್ಬ ಇಲ್ಲ. ಕಟ್ಟಿಬಿಡಿ. ಈ ಸಲ ಗೊಂಬೆ ಜೊತೆ ಕೂರಿಸೋಣ.”

ಸಂಗ್ರಹ ಮಾಡುವವಳು ಅಂದರೆ ಅವಳು. ತವರಿಂದ ತಂದ ಪಟ್ಟದ ಗೊಂಬೆಯ ಜೋಡಿ, ಆಮೇಲೆ ವರ್ಷಕ್ಕೊಂದರಂತೆ ಕೂಡಿದ ದಶಾವತಾರ, ಮದುವೆ ಮನೆ, ದಸರಾ ಮೆರವಣಿಗೆ, ತರಕಾರಿ ಶೆಟ್ಟಿ, ಶೆಟ್ಟಿಯ ತಕ್ಕಡಿ. ಪ್ರತಿ ನವರಾತ್ರಿಗೆ ಎಲ್ಲವೂ ಟ್ರಂಕಿನಿಂದ ಇಳಿಯುತ್ತವೆ. ರಾಜ-ರಾಣಿಗೆ ಹೊಸ ಸೀರೆ, ಪಂಚೆ. ಮೂಗು ಮುರಿದ ಕೃಷ್ಣನಿಗೆ ಎಂ-ಸೀಲ್ ಹಚ್ಚಿ ಬಣ್ಣ ಬಳಿದಿದ್ದಾಳೆ. ಮೆಟ್ಟಿಲುಗಳ ಮುಂದೆ ರಾಗಿ ಚೆಲ್ಲಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಾಳೆ. ವಿಜಯದಶಮಿ ಆದ ಮೇಲೆ ಮಲಗಿಸಿ, ಸುತ್ತಿ, ಮತ್ತೆ ಟ್ರಂಕಿಗೆ. ಇದರಲ್ಲಿ ಶೇಕಡಾ ಎಷ್ಟು ಲಾಭ ಎಂದು ಯಾವ ನೆಂಟರೂ ಅವಳನ್ನು ಕೇಳಿಲ್ಲ.

ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ತಾಜ್ ಮಹಲಿನ ತೊಂದರೆಯೆಂದರೆ ಎಲ್ಲ ಬಿಳಿ. ಸಾಸಿವೆ ಡಬ್ಬಿಯ ಬಟ್ಟಲುಗಳನ್ನು ಖಾಲಿ ಮಾಡಿಸಿಕೊಂಡು ತುಂಡುಗಳನ್ನು ಬೇರೆ ಬೇರೆ ಹಾಕಿದೆ: ಒಂದು ಗುಬುಟಿನದು, ಎರಡರದು, ಗುಬುಟೇ ಇಲ್ಲದ್ದು, ಕಮಾನಿನದು. ಒಂದಕ್ಕೆ ಜೀರಿಗೆ ವಾಸನೆ ಹತ್ತಿತು. ಕನ್ನಡಕವನ್ನು ಹಣೆಗೇರಿಸಿ, ಉಗುರಿನ ತುದಿಯಲ್ಲಿ ಹಿಡಿದು ಒತ್ತಬೇಕು. ಸರಿಯಾಗಿ ಕೂತರೆ ಬೆರಳಿಗೇ ತಿಳಿಯುತ್ತದೆ. ಕೆಳಗಿನ ನೆಲಮಾಳಿಗೆಯಲ್ಲಿ ಮುಮ್ತಾಜಳದೂ ಷಹಜಹಾನನದೂ ಎರಡು ಪುಟ್ಟ ಗೋರಿ ಕಟ್ಟಿಸುತ್ತಾರೆ. ಮೇಲೆ ಗೋಡೆ, ಗುಮ್ಮಟ ಬಂದ ಮೇಲೆ ಅವು ಹೊರಗೆ ಕಾಣುವುದೇ ಇಲ್ಲ. “ಕಾಣದೇ ಇರೋದಕ್ಕೆ ಇಷ್ಟು ಹೊತ್ತಾ?” ಎಂದು ಹೆಂಡತಿ ಕೇಳಿದಳು. ಕೇಳಿದವಳು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಒಂದು ಮಿನಾರನ್ನು ಪೂರ್ತಿ ತಾನೇ ಕಟ್ಟಿದಳು. ಅವತ್ತು ಸಾರಿಗೆ ಒಗ್ಗರಣೆ ಇರಲಿಲ್ಲ. ಯಾರೂ ಆ ಮಾತು ಎತ್ತಲಿಲ್ಲ.

ರಾಗಿ ಪಾರ್ಕಿನ ನಡುವೆ ತಾಜ್ ಕೂತಿತು. ಸಂಜೆ ಹೊತ್ತಿಗೆ ಬೀದಿಯ ಮಕ್ಕಳು “ಆಂಟೀ, ಗೊಂಬೆ ಕೂರ್ಸಿದೀರಾ?” ಎನ್ನುತ್ತ ಬಂದರು. ದಶಾವತಾರಕ್ಕೆ ಕೈ ಮುಗಿದು, ಚರುಪು ಬಾಯಿಗೆ ಹಾಕಿಕೊಂಡು, ಸೀದಾ ತಾಜಿನ ಹತ್ತಿರ. “ಏ, ಮುಟ್ಟಬೇಡ್ರೋ!” ಎಂದೆ. ದನಿ ನನ್ನದಾಗಿರಲಿಲ್ಲ, ಹಾಸನದಿಂದ ಬಂದದ್ದಾಗಿತ್ತು. ಅವರು ದೊಡ್ಡಮ್ಮನನ್ನು ಕಂಡವರಲ್ಲವಾದ್ದರಿಂದ ಹೆದರಲಿಲ್ಲ. ಒಬ್ಬಳು ಮಿನಾರನ್ನು ಕಿತ್ತು ತಲೆಕೆಳಗು ಸಿಕ್ಕಿಸಿದಳು. ಇನ್ನೊಬ್ಬ ಗುಮ್ಮಟ ಎತ್ತಿ ಒಳಗೆ ಇಣುಕಿ, “ಅಂಕಲ್, ಇಲ್ಲಿ ಯಾರೋ ಮಲಗಿದಾರೆ” ಎಂದ. ದಸರಾ ಮುಗಿಯುವಷ್ಟರಲ್ಲಿ ಕೆಲವು ತುಂಡುಗಳು ಕಾಣೆಯಾಗಿದ್ದವು. ಒಂದು ರಾಗಿ ಪೈರಿನ ಬುಡದಲ್ಲಿ ಸಿಕ್ಕಿತು.

ಕಳೆದುಹೋಗುವುದರಲ್ಲೇ ಈ ವ್ಯಾಪಾರದ ಜೀವ ಇದೆ ಎಂದು ಆಮೇಲೆ ನನಗೆ ಹೊಳೆಯಿತು. 1997ರ ಫೆಬ್ರವರಿ 13ರಂದು, ‘ಟೋಕಿಯೋ ಎಕ್ಸ್‌ಪ್ರೆಸ್’ ಎಂಬ ಸರಕು ಹಡಗು ಇಂಗ್ಲೆಂಡಿನ ನೈಋತ್ಯ ತುದಿಯ ಲ್ಯಾಂಡ್ಸ್ ಎಂಡ್ ಬಳಿ ಭಾರೀ ಅಲೆಗೆ ಸಿಕ್ಕಿ 62 ಕಂಟೇನರುಗಳನ್ನು ಸಮುದ್ರಕ್ಕೆ ಚೆಲ್ಲಿತು. ಒಂದರಲ್ಲಿ 48 ಲಕ್ಷದಷ್ಟು ಲೆಗೊ ತುಂಡುಗಳಿದ್ದವು. ತಮಾಷೆಯೆಂದರೆ ಅವುಗಳಲ್ಲಿ ಎಷ್ಟೋ ಆಕ್ಟೋಪಸ್ಸು, ಈಜುಗಾರರ ಕಾಲಿನ ರೆಕ್ಕೆ, ಸಮುದ್ರದವೇ ಸಾಮಾನು. ಕಾರ್ನ್‌ವಾಲ್ ತೀರದ ಜನ ಇವತ್ತಿಗೂ ಮರಳಿನಲ್ಲಿ ಅವನ್ನು ಹುಡುಕುತ್ತಾರೆ. ಎರಡು ವರ್ಷ ಹುಡುಕಿದ 13ರ ಹುಡುಗನೊಬ್ಬನಿಗೆ 2024ರಲ್ಲಿ ಒಂದು ಆಕ್ಟೋಪಸ್ ಸಿಕ್ಕಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಂಗಡಿ ತಲುಪಿದ್ದರೆ ಆ ಆಕ್ಟೋಪಸ್ಸನ್ನು ಯಾರು ಕೇಳುತ್ತಿದ್ದರು?

ನನ್ನ ಅಟ್ಟದ ಲೆಕ್ಕವೂ ಇದೇ. ಡಬ್ಬಕ್ಕೆ ಬೆಲೆ ಬರುವುದು ನಾನು ನುಸಿಗುಳಿಗೆ ಇಟ್ಟದ್ದರಿಂದಲ್ಲ. ಅದೇ ಡಬ್ಬವನ್ನು ಲೋಕದ ಉಳಿದ ಮಕ್ಕಳೆಲ್ಲ ಪರಪರ ಹರಿದು, ಕಟ್ಟಿ, ಕೆಡವಿ, ತುಂಡು ಕಳೆದುಕೊಂಡದ್ದರಿಂದ. ಎಲ್ಲರೂ ನನ್ನಷ್ಟೇ ಜಾಣರಾಗಿ ಅಟ್ಟಕ್ಕೆ ಹಾಕಿ ಏಣಿ ತೆಗೆದಿದ್ದರೆ ಇದು ಕವಡೆ ಕಾಸಿಗೂ ಬಾಳುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ. ನಿಮ್ಮ ಮನೆಯ ಬೀರುವಿನಲ್ಲೋ ಮಂಚದ ಕೆಳಗೋ ಸೀಲೊಡೆಯದ ಲೆಗೊ ಡಬ್ಬವಿದ್ದರೆ, ದಯಮಾಡಿ ಇವತ್ತೇ ಒಡೆಯಿರಿ. ಮಕ್ಕಳ ಕೈಗೆ ಕೊಡಿ. ಮಕ್ಕಳಿಲ್ಲದಿದ್ದರೆ ನೀವೇ ಕೂರಿ. ಡಬ್ಬವನ್ನು ಹಳೇ ಪೇಪರಿನವನಿಗೆ ಹಾಕಿಬಿಡಿ. ತುಂಡುಗಳು ಸೋಫಾ ಸಂದಿಗೆ ಹೋದರೆ ಹುಡುಕಲು ಹೋಗಬೇಡಿ, ನನಗೆ ನಷ್ಟ. ಮೂರು ವರ್ಷದೊಳಗಿನ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ.