ರೈಲು ಹಡಗು ಹತ್ತಿದ ಬೆಳಗು

ಮಗಳಿಗೆ ಸಿಸಿಲಿಯ ಪಲೆರ್ಮೊ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆಯೆಂದು ಗೊತ್ತಾದ ದಿನ ನಮ್ಮ ಮನೆಯಲ್ಲಿ ಮೂವರೂ ಮೂರು ಕೆಲಸ ಮಾಡಿದೆವು. ಮಗಳು ಸ್ನೇಹಿತೆಯರಿಗೆಲ್ಲ ಫೋನು ಮಾಡಿದಳು. ನನ್ನಾಕೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಹಳೆಯ ಅಟ್ಲಾಸು ತೆಗೆದು, ಇಟಲಿಯೆಂಬ ಬೂಟಿನ ತುದಿಯಲ್ಲಿ ಒದೆ ತಿನ್ನಲು ಕಾದು ನಿಂತಂತಿರುವ ಆ ಮೂರು ಮೂಲೆಯ ದ್ವೀಪವನ್ನು ಹುಡುಕಿದೆ. ಭೂಪಟದಲ್ಲಿ ನೆಲಕ್ಕೂ ದ್ವೀಪಕ್ಕೂ ನಡುವೆ ಕೂದಲೆಳೆಯಷ್ಟು ನೀರು. ಆ ಕೂದಲೆಳೆಯನ್ನು ದಾಟುವುದು ಹೇಗೆಂಬುದರ ಮೇಲೆ ಮುಂದಿನ ಮೂರು ವಾರ ಮನೆಯಲ್ಲಿ ಚರ್ಚೆ ನಡೆಯಲಿದೆಯೆಂದು ಆಗ ತಿಳಿದಿರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅವಳನ್ನು ಬಿಟ್ಟುಬರಲು ನಾವಿಬ್ಬರೂ ಜೊತೆಗೆ ಹೊರಟೆವು. ಇಪ್ಪತ್ತೆರಡರ ಹುಡುಗಿಯನ್ನು ಬಿಟ್ಟುಬರಲು ಅಪ್ಪ-ಅಮ್ಮ ಬೇಕೆ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಆಕೆ ‘ರೋಮ್ ನೋಡಿದಂತೆಯೂ ಆಗುತ್ತದೆ’ ಎನ್ನುತ್ತಿದ್ದಳು. ನಾನು ‘ಪೆಟ್ಟಿಗೆ ಹೊರಲು ಜನ ಬೇಕಲ್ಲ’ ಎನ್ನುತ್ತಿದ್ದೆ. ಎರಡೂ ಸುಳ್ಳೇ.

ರೋಮ್‌ವರೆಗಿನ ವಿಮಾನದ ಟಿಕೆಟ್ಟು ಸೋವಿಯಾಗಿ ಸಿಕ್ಕಿತ್ತು. ಅಲ್ಲಿಂದ ಮುಂದಿನದು ಪ್ರಶ್ನೆ. ವಿಮಾನವಾದರೆ ಒಂದು ಗಂಟೆ ಚಿಲ್ಲರೆ. ಹಡಗಾದರೆ ರೋಮ್‌ನಿಂದ ರೈಲಿನಲ್ಲಿ ನೇಪಲ್ಸ್‌ಗೆ ಹೋಗಿ, ಅಲ್ಲಿ ರಾತ್ರಿ ಎಂಟರ ಸುಮಾರಿಗೆ ಹತ್ತಿದರೆ ಮರುದಿನ ಬೆಳಿಗ್ಗೆ ಪಲೆರ್ಮೊ. ಮೂರನೆಯದು ನನಗೆ ಹೊಸದು: ರೋಮ್‌ನಿಂದ ರಾತ್ರಿ ಹೊರಡುವ ರೈಲು. ಅದು ಬೂಟಿನ ತುದಿಯವರೆಗೆ ಓಡಿ, ಪ್ರಯಾಣಿಕರ ಸಮೇತ ತಾನೇ ಹಡಗು ಹತ್ತಿ ಮೆಸ್ಸೀನಾ ಜಲಸಂಧಿಯನ್ನು ದಾಟಿ, ಆಚೆ ದಡದ ಹಳಿಗಳ ಮೇಲೆ ಮತ್ತೆ ಓಡುತ್ತದೆ.

ನಾನು ವಿಮಾನದ ಪಕ್ಷ. ಕಾರಣವೂ ಗಟ್ಟಿಯಾಗಿಯೇ ಇತ್ತು. ವಿದ್ಯಾರ್ಥಿ ವೀಸಾದಲ್ಲಿ ಇಟಲಿಗೆ ಕಾಲಿಟ್ಟವರು ಕೆಲಸದ ಎಂಟು ದಿನಗಳೊಳಗೆ ವಾಸದ ಪರವಾನಗಿಗೆ ಅಂಚೆ ಕಚೇರಿಯಲ್ಲಿ ಅರ್ಜಿ ಕೊಡಬೇಕು. ರೋಮ್‌ನಲ್ಲಿಳಿದ ದಿನದಿಂದಲೇ ಲೆಕ್ಕ ಶುರು. ಇನ್ನೊಂದು ಕಡೆ ಸಾಲ ಮಾಡಿ ಕಟ್ಟಿದ ದುಡ್ಡು. ಇಂಥ ಹೊತ್ತಿನಲ್ಲಿ ಹಡಗು, ರೈಲು ಎಂದು ಆಟವಾಡುವುದೆ?

ನನ್ನಾಕೆಯದು ಒಂದೇ ಮಾತು: ‘ನೀರಿನ ಮೇಲೆ ಮಾತ್ರ ಬೇಡ.’ ಅವಳ ತವರು ಚಳ್ಳಕೆರೆ. ಕೆರೆಯೆಂಬುದು ಊರಿನ ಹೆಸರಿನಲ್ಲೇ ಹೆಚ್ಚು. ರಾತ್ರಿಯಿಡೀ ಸಮುದ್ರದ ಮೇಲೆ ಮಲಗಬೇಕೆಂದಾಗ ಅವಳ ಮುಖ ಬಿಳಿಚಿಕೊಂಡಿತು. ಸಾಲದ್ದಕ್ಕೆ ನಾನು, ಜರ್ಮನ್ ಕವಿ ಗಯಟೆ 1787ರಲ್ಲಿ ನೇಪಲ್ಸ್‌ನಿಂದ ಪಲೆರ್ಮೊಗೆ ಹೋಗುವಾಗ ನಾಲ್ಕು ದಿನ ಹಿಡಿಯಿತು, ಬಹಳ ಹೊತ್ತು ವಾಕರಿಕೆಯಿಂದ ಮಲಗೇ ಇದ್ದ ಎಂದು ಓದಿದ್ದನ್ನು ಹೇಳಿಬಿಟ್ಟೆ. ಅಲ್ಲಿಗೆ ಹಡಗಿನ ಕಥೆ ಮುಗಿಯಿತು.

ಮಗಳು ಒಂದು ಸಂಜೆ ಕಾಗದ, ಪೆನ್ನು ಹಿಡಿದು ಕೂತಳು. ‘ಅಪ್ಪ, ನೀವು ವಿಮಾನ ಹಾರುವ ಹೊತ್ತನ್ನು ಮಾತ್ರ ಲೆಕ್ಕ ಹಾಕ್ತಿದೀರಿ. ರೂಮಿನ ಬಾಗಿಲಿಂದ ರೂಮಿನ ಬಾಗಿಲಿಗೆ ಹಾಕಿ’ ಎಂದಳು. ರೋಮ್‌ನ ವಿಮಾನ ನಿಲ್ದಾಣ ಊರ ಹೊರಗೆ, ಸಮುದ್ರದ ಹತ್ತಿರ. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಆಚೆ ಪಲೆರ್ಮೊದ ನಿಲ್ದಾಣ ಬೆಟ್ಟಕ್ಕೂ ಕಡಲಿಗೂ ನಡುವೆ, ಊರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. (1992ರಲ್ಲಿ ಮಾಫಿಯಾದವರು ಬಾಂಬಿಟ್ಟು ಕೊಂದ ಇಬ್ಬರು ನ್ಯಾಯಾಧೀಶರು, ಫಾಲ್ಕೋನೆ ಮತ್ತು ಬೊರ್ಸೆಲಿನೋ. ನಿಲ್ದಾಣಕ್ಕೆ ಅವರ ಹೆಸರಿದೆ.) ಎಲ್ಲ ಕೂಡಿದರೆ ಒಂದು ಗಂಟೆಯ ಪ್ರಯಾಣ ಆರು ಗಂಟೆಯಾಯಿತು. ಅಷ್ಟಾದರೂ ವಿಮಾನವೇ ಬೇಗ, ನಾನು ಬಿಡಲಿಲ್ಲ. ಆಗ ಅವಳು ಪೆಟ್ಟಿಗೆಗಳ ಲೆಕ್ಕ ತೆಗೆದಳು. ಐದು ದೊಡ್ಡ ಪೆಟ್ಟಿಗೆಗಳು. ಅದರಲ್ಲಿ ಒಂದು ಪೂರ್ತಿ ಚಟ್ನಿಪುಡಿ, ಸಾರಿನ ಪುಡಿ, ಕುಕ್ಕರು. ಸೋವಿ ವಿಮಾನದಲ್ಲಿ ಮನುಷ್ಯರಿಗಿಂತ ಪೆಟ್ಟಿಗೆಗಳ ಟಿಕೆಟ್ಟೇ ಹೆಚ್ಚು! ರೈಲಿನಲ್ಲಿ ಅವನ್ನು ತೂಗುವವರಿಲ್ಲ, ಇಳಿಯುವುದು ಊರ ನಡುವೆ, ರಾತ್ರಿ ರೈಲಿನಲ್ಲೇ ಮಲಗುವುದರಿಂದ ರೋಮ್‌ನಲ್ಲಿ ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯುತ್ತದೆ.

‘ತಪ್ಪಿಹೋದರೆ?’ ಎಂದೆ. ಇದು ನನ್ನ ಹಳೆಯ ಪ್ರಶ್ನೆ.

ಅದರ ಹಿಂದೆ ಒಂದು ಕಥೆಯಿದೆ. ನನ್ನೂರು ಸಾಗರ ತಾಲ್ಲೂಕಿನ ತುಮರಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ಹಬ್ಬಿ ನಮ್ಮ ಸೀಮೆಯನ್ನು ದ್ವೀಪದಂತೆ ಮಾಡಿತು. ಹೊರಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹಿಡಿಯಬೇಕಾಗಿತ್ತು. 1987ರಲ್ಲಿ ನಾನು ಸಾಗರದಲ್ಲಿ ಎರಡನೇ ಪಿ.ಯು.ಸಿ. ಪರೀಕ್ಷೆಯ ನಡುವೆ ಒಂದು ಭಾನುವಾರ ಮನೆಗೆ ಬಂದವನು, ದೇವಕಾರ್ಯದ ಊಟಕ್ಕೆ ಕೂತು, ಪಾಯಸ ಇನ್ನೊಂದು ಸಲ ಬಡಿಸಿಕೊಂಡು, ದಡಕ್ಕೆ ಓಡಿಬರುವಾಗ ಸಂಜೆಯ ಕೊನೆಯ ಲಾಂಚ್ ನೀರಿನ ನಡುವೆ ಇತ್ತು. ಕೂಗಿದೆ. ಟವೆಲ್ ಬೀಸಿದೆ. ಅದು ಚಿಕ್ಕದಾಗುತ್ತ ಹೋಯಿತು. ಮರುದಿನ ಮೊದಲ ಲಾಂಚ್ ಹಿಡಿದು, ಬಸ್ಸು ಸಿಕ್ಕಿ, ಪರೀಕ್ಷೆಯ ಗೇಟು ಮುಟ್ಟುವಾಗ ಒಳಗೆ ಬಿಡುವ ಹೊತ್ತು ಮೀರಿತ್ತು. ತಪ್ಪು ನನ್ನದೇ, ಪಾಯಸದ್ದೂ ಅಲ್ಲ. ಆ ಒಂದು ವಿಷಯಕ್ಕಾಗಿ ಒಂದು ವರ್ಷ ಮನೆಯಲ್ಲಿ ಕೂತೆ. ಜೊತೆಯವರು ಡಿಗ್ರಿ ಸೇರಿದರು; ನಾನು ಅಡಿಕೆ ಸುಲಿದೆ. ಅಂದಿನಿಂದ ಯಾವ ಗಾಡಿ ಹತ್ತುವಾಗಲೂ ಅದು ಎಷ್ಟು ಬೇಗ ಹೋಗುತ್ತದೆಂದು ಕೇಳುವ ಮೊದಲು, ಇದು ತಪ್ಪಿದರೆ ಮುಂದಿನದು ಯಾವಾಗ ಎಂದು ಕೇಳುವವನು ನಾನು.

ಮಗಳಿಗೆ ಈ ಕಥೆ ಬಾಯಿಪಾಠ. ಅವಳು ಅದಕ್ಕೂ ತಯಾರಾಗಿಯೇ ಬಂದಿದ್ದಳು. ‘ರಾತ್ರಿಯ ಹಡಗು ತಪ್ಪಿದರೆ ಮರುದಿನ ರಾತ್ರಿವರೆಗೆ ಕಾಯಬೇಕಾಗಬಹುದು. ವಿಮಾನ ತಪ್ಪಿದರೆ ಟಿಕೆಟ್ಟಿನ ದುಡ್ಡೂ ಹೋಗುತ್ತೆ, ಹೊಸ ಟಿಕೆಟ್ಟು ದುಬಾರಿ. ರೈಲಿನದು ಹಾಗಲ್ಲ ಅಪ್ಪ. ಜಲಸಂಧಿಯ ದಡದವರೆಗೆ ಹೇಗೋ ಮುಟ್ಟಿದರೆ ಸಾಕು, ಅಲ್ಲಿ ದಡದಿಂದ ದಡಕ್ಕೆ ಚಿಕ್ಕ ಹಡಗುಗಳು ಹಗಲೂ ರಾತ್ರಿಯೂ ಓಡಾಡುತ್ತವೆ. ನಡೆದುಕೊಂಡೇ ಹತ್ತಬಹುದು. ಆಚೆ ದಡದಲ್ಲಿ ಬೇರೆ ರೈಲು ಸಿಗುತ್ತೆ.’ ನನ್ನ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿಕೊಂಡವಳ ಮುಂದೆ ಏನು ವಾದ ಮಾಡಲಿ? ಒಪ್ಪಿದೆ. ಅಮ್ಮನಿಗೆ ‘ರೈಲಿನಲ್ಲಿ ಹೋಗ್ತಿದೀವಿ’ ಎಂದಷ್ಟೇ ಹೇಳುವುದೆಂದು ಅಪ್ಪ-ಮಗಳು ಒಳಗೊಳಗೇ ಮಾತಾಡಿಕೊಂಡೆವು.

ರೋಮ್‌ನಲ್ಲಿ ರೈಲು ಹತ್ತಿದ್ದು ರಾತ್ರಿ ಬಹಳ ಹೊತ್ತಾದ ಮೇಲೆ. ನಾಲ್ಕು ಮಂಚದ ಕೋಣೆ. ನಾವು ಮೂವರು, ನಾಲ್ಕನೆಯವನು ರೋಮ್‌ನಲ್ಲಿ ಓದುತ್ತಿರುವ ಸಿಸಿಲಿಯ ಹುಡುಗ. ಐದು ಪೆಟ್ಟಿಗೆಗಳನ್ನು ಕಂಡು ಮೊದಲು ಬೆಚ್ಚಿದ, ಆಮೇಲೆ ತಾನೇ ಎತ್ತಿ ಮೇಲಿಟ್ಟ. ಅವನೊಡನೆ ಮಗಳು ಇಂಗ್ಲಿಷಿನಲ್ಲಿ ಮಾತಿಗಿಳಿದಳು. ಮಾಮೂಲಿ ದಿನಗಳಲ್ಲಿ ಅವನೂ ವಿಮಾನವನ್ನೇ ಹಿಡಿಯುತ್ತಾನಂತೆ. ಆದರೆ ಕ್ರಿಸ್‌ಮಸ್ ಹತ್ತಿರ ಬಂದಾಗ ಉತ್ತರದಲ್ಲಿ ಓದುವ, ದುಡಿಯುವ ಸಿಸಿಲಿಯವರೆಲ್ಲ ಒಟ್ಟಿಗೆ ಮನೆಗೆ ಹೊರಡುತ್ತಾರೆ, ವಿಮಾನದ ದರ ಗಗನಕ್ಕೇರುತ್ತದೆ. ಇದು ಅಲ್ಲಿ ಪ್ರತಿವರ್ಷದ ಗೋಳು. ಕತಾನಿಯಾ ಕಡೆಯವರಿಗೆ ಇನ್ನೊಂದು ತೊಂದರೆ, ಎಟ್ನಾ ಜ್ವಾಲಾಮುಖಿ ಬೂದಿ ಕಾರಿದರೆ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಗುತ್ತದೆ. ಮಗಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಅವಳಿಗೆ ‘ಬೋಗಿಯ ನಂಬರು ನೋಡಿಕೋ, ಕೆಳಗಿಳಿದರೆ ಗುರುತು ಸಿಗಬೇಕು’ ಎಂದು ಮೂರು ಸಲ ಹೇಳಿ ಮಲಗಿದೆ. ಇದು ನೆನಪಿರಲಿ.

ಬೆಳಕು ಹರಿಯುವ ಹೊತ್ತಿಗೆ ರೈಲು ನಿಂತಿತ್ತು. ಊರು ವಿಲ್ಲಾ ಸ್ಯಾನ್ ಜೊವಾನ್ನಿ, ಬೂಟಿನ ತುದಿಬೆರಳು. ಎಂಜಿನ್ನು ಕಳಚಿಕೊಂಡಿತು. ನಮ್ಮನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಳ್ಳಿದರು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಕಿಟಕಿಯಲ್ಲಿ ಇದ್ದ ಬೆಳಗು ಹೋಗಿ ಟ್ಯೂಬ್‌ಲೈಟಿನ ಬೆಳಕು ಬಂತು. ನಾವು ಹಡಗಿನ ಹೊಟ್ಟೆಯಲ್ಲಿದ್ದೆವು! ದಡದ ಹಳಿಗೆ ಹಡಗಿನ ನೆಲದ ಹಳಿಗಳನ್ನು ಸರಿಯಾಗಿ ಕೂಡಿಸಿ ಬೋಗಿಗಳನ್ನು ಒಳಗೆ ನೂಕುತ್ತಾರೆ. ಇಡೀ ರೈಲು ಉದ್ದಕ್ಕೆ ಹಿಡಿಸುವುದಿಲ್ಲವಾದ್ದರಿಂದ ಅದನ್ನು ತುಂಡು ಮಾಡಿ, ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದಂತೆ ಪಕ್ಕಪಕ್ಕದ ಹಳಿಗಳಲ್ಲಿ ನಿಲ್ಲಿಸುತ್ತಾರೆ. 1899ರಿಂದಲೂ ನಡೆದುಬಂದ ಪದ್ಧತಿ. ಮೊದಲ ಎರಡು ಹಡಗುಗಳಿಗೆ ಸ್ಕಿಲ್ಲಾ ಮತ್ತು ಕರಿದ್ದಿ ಎಂದು ಹೆಸರು, ಹೋಮರನ ಕಾವ್ಯದಲ್ಲಿ ಇದೇ ಜಲಸಂಧಿಯ ಎರಡೂ ದಡದಲ್ಲಿ ಕಾದು ಕೂತು ನಾವಿಕರನ್ನು ನುಂಗುತ್ತಿದ್ದ ರಕ್ಕಸಿಯರ ಹೆಸರು. ಹಡಗಿಗೆ ಅಂಥ ಹೆಸರಿಡಲು ಧೈರ್ಯ ಬೇಕು.

ನನ್ನಾಕೆ ಕಣ್ಣು ಮುಚ್ಚಿ ಮಲಗಿದ್ದಳು. ನಾನು, ಮಗಳು, ಆ ಹುಡುಗ ಸದ್ದಿಲ್ಲದೆ ಇಳಿದು ಮೆಟ್ಟಿಲು ಹತ್ತಿ ಮೇಲೆ ಹೋದೆವು.

ಬೆನ್ನ ಹಿಂದೆ ಕಲಾಬ್ರಿಯಾದ ಬೆಟ್ಟಗಳ ಮೇಲೆ ಸೂರ್ಯ ಏಳುತ್ತಿದ್ದ. ಎದುರಿಗೆ ಸಿಸಿಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಜಲಸಂಧಿಯ ಕಿರಿದಾದ ಜಾಗದಲ್ಲಿ ಅಗಲ ಸುಮಾರು ಮೂರು ಕಿ.ಮೀ. ಅಷ್ಟೇ. ಆದರೆ ನೀರು ನೋಡಿದರೆ ತಿಳಿಯುತ್ತದೆ: ಒಂದು ಕಡೆ ಗಾಜಿನಂತೆ ಸಪಾಟು, ಪಕ್ಕದಲ್ಲೇ ಕುದಿಯುವ ಹಾಗೆ ಸುಳಿ. ಸುಮಾರು ಆರು ಗಂಟೆಗೊಮ್ಮೆ ಇಲ್ಲಿನ ಸೆಳೆತ ದಿಕ್ಕು ಬದಲಿಸುತ್ತದಂತೆ. ಉತ್ತರಕ್ಕೆ ಎರಡೂ ದಡಗಳಲ್ಲಿ ಒಂದೊಂದು ಎತ್ತರದ ಕಬ್ಬಿಣದ ಗೋಪುರ. ಹಿಂದೆ ಕರೆಂಟಿನ ತಂತಿ ಹೊತ್ತಿದ್ದವು, ಈಗ ಸುಮ್ಮನೆ ನಿಂತಿವೆ. ಸೇತುವೆ ಕಟ್ಟಬೇಕೆಂದಿರುವುದು ಆ ಕಡೆಯಲ್ಲೇ ಎಂದು ಹುಡುಗ ತೋರಿಸಿದ. ನಡುವೆ ಕಂಬವೇ ಇಲ್ಲದೆ 3,300 ಮೀಟರ್ ತೂಗುವ ಸೇತುವೆ. 2025ರ ಆಗಸ್ಟ್‌ನಲ್ಲಷ್ಟೇ ಸರ್ಕಾರದ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು, ಖರ್ಚು 1,350 ಕೋಟಿ ಯೂರೋ. (ನಾವು ಮರಳಿ ಬಂದಮೇಲೆ, ಅಕ್ಟೋಬರ್‌ನಲ್ಲಿ, ಅಲ್ಲಿನ ಲೆಕ್ಕಪತ್ರಗಳ ನ್ಯಾಯಾಲಯ ಆ ಒಪ್ಪಿಗೆಗೆ ಮುದ್ರೆ ಒತ್ತಲು ನಿರಾಕರಿಸಿತೆಂದು ಓದಿದೆ.)

‘ಸೇತುವೆ ಬೇಕೋ ಬೇಡವೋ?’ ಎಂದು ಕೇಳಿಸಿದೆ. ಹುಡುಗ ಭುಜ ಹಾರಿಸಿದ. ಅವನ ಅಪ್ಪನಿಗೆ ಬೇಕು, ಅಮ್ಮನಿಗೆ ಬೇಡವಂತೆ. 1908ರ ಡಿಸೆಂಬರ್ 28ರ ನಸುಕಿನ ಭೂಕಂಪದಲ್ಲಿ ಮೆಸ್ಸೀನಾ ಊರಿಗೆ ಊರೇ ನೆಲಸಮವಾಗಿ ಹತ್ತಾರು ಸಾವಿರ ಜನ ಸತ್ತ ಜಾಗವಿದು. ಅಮ್ಮನ ಭಯ ಸುಳ್ಳಲ್ಲ.

ನಾನು ನಮ್ಮ ಹೊಳೆಯ ಸುದ್ದಿ ಹೇಳಿದೆ. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಗಿತ್ತು. ಅಣೆಕಟ್ಟು ಮುಗಿದು 61 ವರ್ಷದ ಮೇಲೆ. ಲಾಂಚಿನ ಮೇಲೆ ಬಸ್ಸು, ಜೀಪು ಹತ್ತುವುದನ್ನು ನೋಡುತ್ತ ಬೆಳೆದವನು ನಾನು, ಹಡಗಿನಲ್ಲಿ ರೈಲು ಕಂಡು ಅಷ್ಟೇನೂ ಬೆರಗಾಗಲಿಲ್ಲ ಎಂದೆ. ಮಗಳು ಅನುವಾದ ಮಾಡುವಾಗ ಪಾಯಸದ ಕಥೆಯನ್ನೂ ಸೇರಿಸಿದಳೆಂದು ಹುಡುಗ ನಕ್ಕಾಗಲೇ ಗೊತ್ತಾಯಿತು.

ಅವರಿಬ್ಬರೂ ಹಡಗಿನ ಹೋಟೆಲಿನಲ್ಲಿ ಅಕ್ಕಿಯುಂಡೆ ತಿನ್ನಲು ನಿಂತರು. ಅನ್ನವನ್ನು ಉಂಡೆ ಕಟ್ಟಿ ಕರಿದ ‘ಅರಂಚೀನೋ’ ಈ ದಾಟಿನ ಪ್ರಸಿದ್ಧ ತಿಂಡಿ. ಮೆಸ್ಸೀನಾದಲ್ಲಿ ಅದು ಪುಲ್ಲಿಂಗವಂತೆ, ಪಲೆರ್ಮೊದಲ್ಲಿ ಸ್ತ್ರೀಲಿಂಗ, ಇದಕ್ಕೆ ದ್ವೀಪದವರು ಜಗಳವಾಡುತ್ತಾರಂತೆ. ಒಳಗೆ ಮಾಂಸವಿರುತ್ತದೆಂದು ಕೇಳಿ ನಾನು ಒಬ್ಬನೇ ಕೆಳಗಿಳಿದೆ.

ಇಳಿದದ್ದು ಬೇರೆ ಮೆಟ್ಟಿಲು. ಎಡಕ್ಕೂ ಬೋಗಿ, ಬಲಕ್ಕೂ ಬೋಗಿ, ನಡುವೆ ಒಬ್ಬರು ಹಾಯುವಷ್ಟು ಸಂದಿ. ಎಲ್ಲ ಬೋಗಿಗಳೂ ಒಂದೇ ಥರ. ಹತ್ತಿದೆ, ನಮ್ಮ ಕೋಣೆಯ ಜಾಗದಲ್ಲಿ ಗಡ್ಡದವರೊಬ್ಬರು ಮಲಗಿದ್ದರು. ಇನ್ನೊಂದು ಹತ್ತಿದೆ, ಬಾಗಿಲು ತೆರೆಯಲಿಲ್ಲ. ಧ್ವನಿವರ್ಧಕ ಇಟಾಲಿಯನ್ನಿನಲ್ಲಿ ಏನೋ ಹೇಳಿತು. ಜನ ದಡಬಡ ತಮ್ಮ ಬೋಗಿಗಳಿಗೆ ಸೇರತೊಡಗಿದರು. ಮೆಸ್ಸೀನಾದಲ್ಲಿ ಈ ರೈಲು ಎರಡಾಗಿ ಒಂದು ಭಾಗ ಪಲೆರ್ಮೊಗೂ ಇನ್ನೊಂದು ಸಿರಕೂಸಾಕ್ಕೂ ಹೋಗುತ್ತದೆಂದು ನೆನಪಾಗಿ ಕೈಕಾಲು ತಣ್ಣಗಾದವು. ಫೋನು ತೆಗೆದರೆ ಆ ಕಬ್ಬಿಣದ ಹೊಟ್ಟೆಯೊಳಗೆ ಸಿಗ್ನಲ್ಲೇ ಇಲ್ಲ. ಬೋಗಿಯ ನಂಬರು? ನಾನು ನೋಡಿಕೊಂಡೇ ಇರಲಿಲ್ಲ. ಹದಿನೆಂಟರ ಹುಡುಗ ಟವೆಲ್ ಬೀಸುತ್ತ ದಡದಲ್ಲಿ ನಿಂತದ್ದು ಕಣ್ಣ ಮುಂದೆ ಬಂತು.

‘ಅಪ್ಪಾ!’

ಸಂದಿಯ ಆ ತುದಿಯಲ್ಲಿ ಮಗಳು. ಓಡಿಬಂದಿದ್ದರಿಂದ ಏದುಸಿರು. ಕೈ ಹಿಡಿದು, ಒಂದು ಮಾತೂ ಆಡದೆ, ಎರಡು ಹಳಿ ದಾಟಿಸಿ ನಮ್ಮ ಬೋಗಿ ಹತ್ತಿಸಿದಳು. ನಾನು ಅವಳ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದುದು ಮೊನ್ನೆ ಮೊನ್ನೆ ಎಂದುಕೊಂಡಿದ್ದೆ.

ಒಳಗೆ ನನ್ನಾಕೆ ಎದ್ದು ಕೂತು ಚಕ್ಕುಲಿ ಡಬ್ಬಿ ತೆಗೆದಿದ್ದಳು. ‘ಸಮುದ್ರ ಮುಗೀತಾ ರೀ?’ ಎಂದಳು. ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ‘ನೀವು ಹೇಳದೇ ಇದ್ದರೆ ನನಗೆ ಗೊತ್ತಾಗಲ್ವಾ? ಬೆಂಗಳೂರಿನಲ್ಲೇ ಮ್ಯಾಪು ನೋಡಿದ್ದೆ. ಕಣ್ಣು ಮುಚ್ಚಿಕೊಂಡರೆ ಆಯ್ತು ಅಂದ್ಕೊಂಡೆ. ಅವಳ ದುಡ್ಡು ಉಳಿಯುತ್ತಲ್ಲ.’

ಪಲೆರ್ಮೊ ತಲುಪುವಾಗ ಮಧ್ಯಾಹ್ನವಾಗಿತ್ತು. ಬಲಗಡೆ ಉದ್ದಕ್ಕೂ ಸಮುದ್ರ. ಅಂಚೆ ಕಚೇರಿಯ ಅರ್ಜಿಯನ್ನು ಗಡುವಿನೊಳಗೇ ಮಗಳು ಒಬ್ಬಳೇ ಹೋಗಿ ಕೊಟ್ಟುಬಂದಳು. ನನ್ನನ್ನು ಹೊರಗೆ ನಿಲ್ಲಿಸಿದ್ದಳು. ಹತ್ತು ದಿನ ಕಳೆದು ನಾವು ಮರಳುವಾಗ ನಮ್ಮ ಬಳಿ ಎರಡೇ ಹಗುರವಾದ ಚೀಲ. ವಿಮಾನ ಹಿಡಿಯಬಹುದಿತ್ತು. ನನ್ನಾಕೆಯೇ ‘ನೇಪಲ್ಸ್‌ನ ಹಡಗಿಗೆ ಹೋಗೋಣ, ಕಿಟಕಿ ಇರೋ ಕ್ಯಾಬಿನ್ ತಗೊಳ್ಳಿ’ ಎಂದಳು. ಹಡಗಾದರೆ ಹೊರಟ ಮೇಲೂ ಬಹಳ ಹೊತ್ತು ದಡ ಕಾಣುತ್ತದೆಂದು ಅವಳಿಗೆ ಯಾರು ಹೇಳಿದರೋ. ಮೊಂಟೆ ಪೆಲೆಗ್ರಿನೋ ಬೆಟ್ಟದ ಗೆರೆ ಕತ್ತಲಲ್ಲಿ ಕರಗುವವರೆಗೂ ಅವಳು ಒಳಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಮಗಳ ಫೋನು ಬಂತು. ಗೆಳತಿಯರ ಜೊತೆ ನೇಪಲ್ಸ್‌ಗೆ ಹೋಗಿ ಬಂದಳಂತೆ.

‘ಯಾವುದರಲ್ಲಿ ಹೋದಿ?’

‘ಹಡಗು. ಕ್ಯಾಬಿನ್ ಅಲ್ಲ, ಕುರ್ಚಿ.’

‘ಗಾಳಿ ಇತ್ತಾ?’

‘ಜೋರಾಗೇ ಇತ್ತು. ಇಬ್ಬರು ವಾಂತಿ ಮಾಡ್ಕೊಂಡ್ರು.’

‘ಮುಂಚೆ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀವು ಅಲ್ಲಿಂದಲೇ ವಿಮಾನದ ಟಿಕೆಟ್ ಬುಕ್ ಮಾಡ್ತಿದ್ರಿ ಅಪ್ಪ’ ಎಂದಳು. ಆಮೇಲೆ, ‘ವಾಪಸ್ಸು ಬರೋ ಹಡಗಿಗೆ ಒಂದು ಗಂಟೆ ಮುಂಚೆನೇ ಹೋಗಿ ಕೂತಿದ್ದೆ, ಅಮ್ಮನಿಗೆ ಹೇಳಿ’ ಎಂದಳು.